ಒಂದೇ ತೋಟೆ, ಎರಡು ಸದ್ದು

ಇಂಥವನ್ನು ನಾನು ನಂಬುವವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರೆಯುವುದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ನಿಲ್ಲಿಸಿ, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಮಡಚಿಡುತ್ತಿದ್ದೆ. ಫ್ರೀಮಾಂಟಿನ ಒಂದು ಕಾರ್ಖಾನೆಯಲ್ಲಿ ಆಪರೇಷನ್ನಿನ ಉಪಕರಣಗಳ ಬಿಡಿಭಾಗಗಳನ್ನು ಅಳೆದು ನೋಡುವುದು ನನ್ನ ಕೆಲಸ. ಯಾರು ಎಷ್ಟೇ ನಗುನಗುತ್ತಾ "ಸರಿಯಾಗಿದೆ" ಅಂದರೂ ನಾನೇ ಅಳೆಯದೆ ಸಹಿ ಹಾಕುವುದಿಲ್ಲ. ಅನುಮಾನ ಪಡುವುದಕ್ಕೇ ಸಂಬಳ ತೆಗೆದುಕೊಳ್ಳುವವಳು ನಾನು. ಮನೆಯಲ್ಲೂ ಆ ಬುದ್ಧಿ ಬಿಟ್ಟಿಲ್ಲ ಎಂದು ನನ್ನ ಗಂಡ ಸಿಕ್ಕವರಿಗೆಲ್ಲ ಹೇಳುತ್ತಿರುತ್ತಾರೆ.

ನಾನು ಕೊಡವರ ಹುಡುಗಿ. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಜನ ನಾವು. ನನಗೆ ಕೋವಿ ಹಿಡಿಯುವುದನ್ನು ಹೇಳಿಕೊಟ್ಟವನು ಅಣ್ಣಯ್ಯ, ನನ್ನ ಒಬ್ಬನೇ ಒಡಹುಟ್ಟಿದವನು. ಅವನೂ ಇಲ್ಲೇ, ಈ ಪರದೇಶದಲ್ಲೇ ಇದ್ದಾನೆ. ಓಕ್ಲ್ಯಾಂಡ್ ಬಂದರಿನಲ್ಲಿ ಕಂಟೇನರು ಎತ್ತುವ ಕ್ರೇನುಗಳ ರಿಪೇರಿ ಮಾಡುತ್ತಾನೆ. ನನ್ನ ಗಂಡ ಮಾತ್ರ ಮೈಸೂರಿನವರು. ಈರುಳ್ಳಿ ತಿಂದದ್ದೇ ಅವರ ಮನೆತನದಲ್ಲಿ ದೊಡ್ಡ ಕ್ರಾಂತಿ. ನಾವು ಅಣ್ಣ ತಂಗಿ ಹಂದಿ ಬೇಟೆಯ ಮಾತೆತ್ತಿದರೆ ಅವರು ಎದ್ದುಹೋಗಿ ಗಿಡಗಳಿಗೆ ನೀರು ಹಾಕುತ್ತಾರೆ.

ನಮ್ಮ ಕಡೆಯ ಇನ್ನೊಂದು ಪದ್ಧತಿಯನ್ನು ಹೇಳದಿದ್ದರೆ ಉಳಿದದ್ದು ಅರ್ಥವಾಗದು. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು ಹಾರಿಸುತ್ತಾರೆ. ಯಾರಾದರೂ ತೀರಿಕೊಂಡರೆ ಎರಡು, ಒಂದರ ಬೆನ್ನಿಗೇ ಇನ್ನೊಂದು. ಆ ಜೋಡಿ ಗುಂಡು ಕೇಳಿದರೆ ಅಕ್ಕಪಕ್ಕದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. ಅಪ್ಪ ಹೋದಾಗ ನಾವಿಬ್ಬರೂ ಇಲ್ಲಿದ್ದೆವು. ಚಿಕ್ಕಪ್ಪ ಫೋನು ಹಿಡಿದು ಅಂಗಳದಲ್ಲಿ ನಿಂತಿದ್ದರು. ಆ ಎರಡು ಸದ್ದು ನಮಗೆ ಫೋನಿನಲ್ಲೇ ಕೇಳಿಸಿತು. ಅಣ್ಣಯ್ಯ ಅತ್ತ, ನನಗೆ ಅಳು ಬರಲಿಲ್ಲ.

ಈಗ ಕೋವಿಯ ಕಥೆಗೆ ಬರುತ್ತೇನೆ. ಇದು ನಡೆದು ಮೂರು ವರ್ಷವಾಯಿತು. ದೊಡ್ಡ ಗುಂಡಿನ ಜೋಡುನಳಿಗೆ ರೈಫಲ್ಲೊಂದು ತನ್ನದಾಗಬೇಕು ಎನ್ನುವುದು ಅಣ್ಣಯ್ಯನ ಹಳೆಯ ಆಸೆ. ಹೊಸದಕ್ಕೆ ಕೈ ಹಾಕುವ ಮಾತೇ ಇಲ್ಲ. ಹಳೆಯದೊಂದು ವಾಲ್ನಟ್ ಕ್ರೀಕಿನಲ್ಲಿ ಮಾರಾಟಕ್ಕಿದೆ ಎಂದು ತಿಳಿದು ಇಬ್ಬರೂ ಹೋದೆವು. ಮಾರುವವನು ರಿಟೈರಾದ ಮನುಷ್ಯ, ಮಾತು ಬೆಣ್ಣೆಯಷ್ಟು ನಯ. ನಾನು ಏನೂ ಕೇಳುವ ಮೊದಲೇ "ಇದನ್ನು ಯಾರೂ ಬಿಚ್ಚಿಲ್ಲ, ಯಾವ ತೊಂದರೆಯೂ ಇಲ್ಲ" ಅಂದ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಉಳಿದ ಸ್ಕ್ರೂಗಳೆಲ್ಲ ಕಪ್ಪಾಗಿದ್ದವು, ಎಡಗಡೆಯ ಲಾಕಿನ, ಅಂದರೆ ಗುಂಡು ಹಾರಿಸುವ ಯಂತ್ರದ, ಸ್ಕ್ರೂ ಒಂದರ ಗೀಟು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಯಾರೋ ಈಚೆಗೆ ಬಿಚ್ಚಿದ್ದಾರೆ. ಅಣ್ಣಯ್ಯ ನನ್ನ ಕಿವಿಯಲ್ಲಿ, "ಹೆಣ್ಣು ನೋಡೋಕೆ ಬಂದ ಅತ್ತೆ ಥರ ನೋಡ್ಬೇಡ ಮಾರಾಯ್ತಿ, ಬೇಸರ ಬಂದು ಮಾರೋದೇ ಇಲ್ಲ ಅಂದಾನು" ಅಂದ. ಅವನ ಮುಖ ನೋಡಿ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ಕಾಗದಪತ್ರ ನನ್ನ ಹೆಸರಿನಲ್ಲಾಯಿತು, ಯಾಕೆಂದರೆ ಇಲ್ಲಿ ಕೋವಿ ಕೊಳ್ಳಲು ಬೇಕಾದ ಪರೀಕ್ಷೆ ಬರೆದು ಕಾರ್ಡು ಮಾಡಿಸಿಕೊಂಡಿದ್ದವಳು ನಾನು. ಅಣ್ಣಯ್ಯ ವರ್ಷವಿಡೀ ನಾಳೆ ಬರೆಯುತ್ತೇನೆ ಅನ್ನುತ್ತಲೇ ಇದ್ದ. ಕಾನೂನಿನ ಪ್ರಕಾರ ಹತ್ತು ದಿನ ಕಾಗದಪತ್ರ ಮಾಡುವ ಬಂದೂಕಿನ ಅಂಗಡಿಯಲ್ಲೇ ಇದ್ದು ಕೋವಿ ನಮ್ಮ ಮನೆಗೆ ಬಂತು.

ನನ್ನ ಅನುಮಾನ ಸುಳ್ಳಾಗಿರಲಿಲ್ಲ. ಬಂದೂಕು ರಿಪೇರಿ ಮಾಡುವ ಒಬ್ಬ ಮುದುಕನಿಗೆ ತೋರಿಸಿದೆ. ಅವನು ಎಡಗಡೆಯ ಲಾಕು ಬಿಚ್ಚಿ, ಟ್ರಿಗರು ಎಳೆಯುವವರೆಗೆ, ತೋಟೆಗೆ ಬಡಿಯುವ ಪುಟ್ಟ ಸುತ್ತಿಗೆಯನ್ನು ಹಿಡಿದಿಡುವ ಕೊಕ್ಕೆಯನ್ನು ಯಾರೋ ಅತಿಯಾಗಿ ಉಜ್ಜಿ ಸವೆಸಿದ್ದಾರೆ ಅಂದ. ಬಲಗಡೆಯ ನಳಿಗೆ ಹಾರಿಸಿದರೆ ಆ ಹೊಡೆತಕ್ಕೆ ಎಡಗಡೆಯದು ತಾನಾಗಿಯೇ ಹಾರಬಹುದು. ಅಷ್ಟು ದೊಡ್ಡ ತೋಟೆ ಎರಡು ಒಟ್ಟಿಗೆ ಹಾರಿದರೆ ಹೆಗಲು ಉಳಿಯುವುದಿಲ್ಲ. ಅವನು ಹೊಸ ಕೊಕ್ಕೆ ಮಾಡಿ ಕೂರಿಸಿಕೊಟ್ಟ. ನಾನು ಅವನನ್ನೂ ನಂಬಲಿಲ್ಲ. ಮನೆಗೆ ತಂದು, ತೋಟೆಯಿಲ್ಲದ ಕೋವಿಯನ್ನು ಸಜ್ಜು ಮಾಡಿ, ಬುಡಕ್ಕೆ ರಬ್ಬರ್ ಸುತ್ತಿಗೆಯಲ್ಲಿ ನೂರು ಸಲ ಬಡಿದೆ. ಒಂದು ಸಲವೂ ಎಡಗಡೆಯದು ಜಾರಲಿಲ್ಲ.

ಆಮೇಲೆ ಗುರಿ ಕೂಡಿಸುವ ಕೆಲಸ. ಜೋಡುನಳಿಗೆಯಲ್ಲಿ ಎರಡು ನಳಿಗೆಯ ಗುಂಡೂ ಒಂದೇ ಕಡೆ ಬೀಳಬೇಕು, ಅದು ಮದ್ದಿನ ತೂಕದ ಮೇಲೆ ನಿಂತಿದೆ. ಇಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ, ತಾಮ್ರದ್ದೇ ಆಗಬೇಕು. ಆ ಹಳೆಯ ಕೋವಿಗೆ ತಾಮ್ರ ಒಗ್ಗಲಿಲ್ಲ, ಒಂದು ನಳಿಗೆ ಪೂರ್ವಕ್ಕೆ ಹೊಡೆದರೆ ಇನ್ನೊಂದು ಪಶ್ಚಿಮಕ್ಕೆ. ಆರು ವಾರ ಗ್ಯಾರೇಜಿನಲ್ಲಿ ಕೂತು ಮದ್ದನ್ನು ಚಿನ್ನದ ಹಾಗೆ ತೂಗಿ ತೋಟೆ ತುಂಬಿದೆ. ಪ್ರತಿ ಶನಿವಾರ ಗುರಿ ಅಭ್ಯಾಸದ ರೇಂಜಿಗೆ ಹೋಗಿ ಹಾರಿಸಿ ನೋಡಿದೆ. ಕೊನೆಗೆ ಐವತ್ತು ಗಜದಲ್ಲಿ ಎರಡೂ ಗುಂಡು ಎರಡು ಬೆರಳಗಲದೊಳಗೆ ಬಿದ್ದವು. ಆ ದಿನ ನನಗಾದ ಖುಷಿಯನ್ನು ಮನೆಯಲ್ಲಿ ಹಂಚಿಕೊಳ್ಳಲು ಗಿಡಗಳಿಗೆ ನೀರು ಹಾಕುವವರು ಒಬ್ಬರೇ ಇದ್ದರು.

ದಕ್ಷಿಣದ ಬೆಟ್ಟಗಳ ಒಂದು ಜಮೀನಿನಲ್ಲಿ ಕಾಡುಹಂದಿ ಹೊಡೆಯಲು ಭಾನುವಾರಕ್ಕೆ ಅನುಮತಿ ಸಿಕ್ಕಿತು. ನಾನೇ ಮಾತಾಡಿ ಗೊತ್ತುಮಾಡಿದ್ದೆ. ನಾನು ಜೊತೆಗಿರುವುದು, ಮೊದಲ ಗುಂಡು ಅಣ್ಣಯ್ಯನದು ಎಂದು ಮಾತಾಗಿತ್ತು. ಅವನು ಅಲ್ಲಿಯವರೆಗೆ ಆ ಕೋವಿಯಲ್ಲಿ ಒಂದು ಗುಂಡೂ ಹೊಡೆದಿರಲಿಲ್ಲ. ಪೂರ್ತಿ ಸರಿಮಾಡಿಯೇ ಅವನ ಕೈಗೆ ಕೊಡಬೇಕೆಂದು ನಾನು ಹಟ ಹಿಡಿದಿದ್ದೆ. ಹಾಗಾಗಿ ಶನಿವಾರ ಬೆಳಿಗ್ಗೆ ಅವನನ್ನು ರೇಂಜಿಗೆ ಕರೆದುಕೊಂಡು ಹೋದೆ.

ಚಳಿ ಇತ್ತು. ನಮ್ಮಿಬ್ಬರನ್ನು ಬಿಟ್ಟರೆ ರೇಂಜು ನೋಡಿಕೊಳ್ಳುವ ಹಿರಿಯನೊಬ್ಬನೇ ಇದ್ದ. ಮೊದಲು ಅಭ್ಯಾಸವಾಗಲಿ ಎಂದು ಬಲಗಡೆಯ ನಳಿಗೆಗೆ ಮಾತ್ರ ತೋಟೆ ಹಾಕಿಕೊಟ್ಟೆ. ಅಣ್ಣಯ್ಯ ಹೊಡೆದ. ನನಗೆ ಎರಡು ಸದ್ದು ಕೇಳಿಸಿತು, ಒಂದರ ಬೆನ್ನಿಗೇ ಇನ್ನೊಂದು.

ಕೊಕ್ಕೆ ಜಾರಿತು, ರಿಪೇರಿಯ ಮುದುಕ ಮೋಸ ಮಾಡಿದ ಎಂದುಕೊಂಡು ಓಡಿಹೋಗಿ ಕೋವಿಯ ನಳಿಗೆ ತೆರೆದೆ. ಬಲಗಡೆ ಖಾಲಿ ಕವಚವಿತ್ತು. ಎಡಗಡೆ ಏನೂ ಇರಲಿಲ್ಲ, ನಾನು ಏನೂ ಹಾಕಿರಲೇ ಇಲ್ಲವಲ್ಲ. ಗುರಿಹಲಗೆಯಲ್ಲೂ ಒಂದೇ ತೂತು. ಎಷ್ಟು ಸದ್ದು ಕೇಳಿತು ಎಂದು ಕೇಳಿದರೆ ಇಬ್ಬರೂ ನನ್ನನ್ನು ವಿಚಿತ್ರವಾಗಿ ನೋಡಿ ಒಂದೇ ಅಂದರು.

ಬೆಟ್ಟದ ಪ್ರತಿಧ್ವನಿ ಇರಬೇಕು ಎಂದುಕೊಂಡೆ. ನಾನೇ ಹೊಡೆದೆ, ಒಂದೇ ಸದ್ದು. ಕಿವಿಗವಸು ಬದಲಾಯಿಸಿ ಅಣ್ಣಯ್ಯನಿಂದ ಹೊಡೆಸಿದೆ. ಎರಡು. ಮತ್ತೆ ನಾನು, ಒಂದು. ಆಗ ನನ್ನ ಮೇಲೇ ನನಗೆ ಅನುಮಾನ ಬಂತು. ಕಾರ್ಖಾನೆಯಲ್ಲಿ ಅಳೆಯುವವರ ಮೇಲೆ ಅನುಮಾನ ಬಂದರೆ ಯಾವ ತುಂಡು ಯಾವುದೆಂದು ತಿಳಿಸದೆ ಮತ್ತೆ ಅಳೆಸುತ್ತೇವೆ. ಇಲ್ಲೂ ಹಾಗೇ ಮಾಡಿದೆ. ಗೋಡೆಗೆ ಮುಖ ಮಾಡಿ ನಿಂತೆ. ಅಣ್ಣಯ್ಯ ಮತ್ತು ಆ ಹಿರಿಯ, ನಾಣ್ಯ ಚಿಮ್ಮಿ, ಯಾರ ಸರದಿ ಬಂದರೆ ಅವರು ಹೊಡೆಯಬೇಕು. ಲಾಕಿನ ಪರೀಕ್ಷೆ ಎಂದು ಹೇಳಿದ್ದೆ. ಆರು ಗುಂಡು ಹಾರಿದವು. ಕೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡೆ: ಎರಡು, ಒಂದು, ಒಂದು, ಎರಡು, ಒಂದು, ಎರಡು. ಆಮೇಲೆ ಯಾವುದು ಯಾರದೆಂದು ಕೇಳಿದೆ. ಎರಡು ಕೇಳಿದ್ದೆಲ್ಲ ಅಣ್ಣಯ್ಯನದು, ಒಂದು ಕೇಳಿದ್ದೆಲ್ಲ ಆ ಹಿರಿಯನದು.

ಚೀಟಿಯನ್ನು ಮುದುರಿ ಜೇಬಿಗೆ ಹಾಕಿಕೊಂಡೆ. ನಾನು ಹೊಡೆದವರನ್ನು ಸದ್ದಿನಿಂದಲೇ ಗುರುತು ಹಿಡಿದೆ ಎಂದಷ್ಟೇ ಅವನಿಗೆ ಗೊತ್ತಾಯಿತು. "ನನ್ನ ಗುಂಡಿನ ಸದ್ದೇ ಬೇರೆ ಅಲ್ವಾ!" ಎಂದು ಮೀಸೆ ತೀಡಿದ. ನಾನೂ ನಕ್ಕೆ.

ಅವನಿಗೆ ನಿಜ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬದುಕಿರುವವನ ಮುಂದೆ ನಿಂತು ನಿನ್ನ ಜೋಡಿ ಗುಂಡು ನನಗೆ ಕೇಳಿಸಿತು ಎಂದು ಹೇಗೆ ಹೇಳುವುದು? ಅಂಥ ಮಾತನ್ನು ನಮ್ಮಲ್ಲಿ ತಮಾಷೆಗೂ ಆಡುವುದಿಲ್ಲ. ನಂಬದಿದ್ದವಳಿಗೂ ಆ ಒಂದು ಮಾತಿನ ಭಯ ರಕ್ತದಲ್ಲೇ ಇತ್ತು ಎನ್ನುವುದು ನನಗೆ ಅವತ್ತೇ ಗೊತ್ತಾದದ್ದು.

ಅವನನ್ನು ಓಕ್ಲ್ಯಾಂಡಿನಲ್ಲಿ ಇಳಿಸಿ ಮನೆಗೆ ಬಂದು ಎರಡು ಫೋನು ಮಾಡಿದೆ. ಜಮೀನಿನವನಿಗೆ, ನನ್ನ ಅಣ್ಣನಿಗೆ ಹುಷಾರಿಲ್ಲ, ನಾವು ಬರುವುದಿಲ್ಲ, ಬೇರೆಯವರಿಗೆ ಕೊಡಿ ಅಂದೆ. ಅಣ್ಣಯ್ಯನಿಗೆ, ಲಾಕಿನಲ್ಲಿ ಬಿರುಕು ಕಾಣಿಸಿದೆ, ರಿಪೇರಿಯವನು ಮುಟ್ಟಬೇಡಿ ಅಂದಿದ್ದಾನೆ, ಜಮೀನಿನವನೂ ಬೇಡ ಅಂದ ಎಂದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳಿನ ಊರುಗೋಲು. ಗಂಡ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. "ಏನೇ ಇದು? ನಿಮ್ಮಣ್ಣ ಒಂದು ಕಾಲ್ ಮಾಡಿದ್ರೆ ಎಲ್ಲಾ ಹೊರಗೆ ಬರುತ್ತೆ" ಅಂದರು. ಹಾಗೇ ಆಯಿತು.

ಭಾನುವಾರ ಬೆಳಿಗ್ಗೆ, ನಾವು ಬೆಟ್ಟದಲ್ಲಿರಬೇಕಾಗಿದ್ದ ಹೊತ್ತಿಗೆ, ನಿನ್ನ ಮನೆಗೇ ಬರುತ್ತಿದ್ದೇನೆ ಎಂದು ಅವನ ಮೆಸೇಜು ಬಂತು. ಬೇಟೆಗೆ ಹೋಗದಂತೆ ತಡೆದೆ, ಫ್ರೀವೇಯಲ್ಲಿ ಏನಾದರೂ ಆದರೆ? ಆ ಮುಕ್ಕಾಲು ಗಂಟೆ ಬಾಗಿಲಲ್ಲೇ ನಿಂತಿದ್ದೆ. ಅವನ ಗಾಡಿ ಬಂದು ನಿಂತಾಗ ನನ್ನ ಕಣ್ಣಲ್ಲಿ ನೀರು ಬಂತು, ಅವನು ಅದನ್ನು ತಪ್ಪಿತಸ್ಥೆಯ ಅಳು ಎಂದುಕೊಂಡ.

"ರಿಪೇರಿಯವನು ಬಿರುಕೂ ನೋಡಿಲ್ಲ, ನಿನ್ನನ್ನೂ ನೋಡಿಲ್ಲ. ಜಮೀನಿನವನು ನನ್ನ ಆರೋಗ್ಯ ವಿಚಾರಿಸ್ತಾನೆ" ಅಂದ. "ಕಾಗದ ನಿನ್ನ ಹೆಸರಲ್ಲಿದೆ, ಕೋವಿ ನಿನ್ನದು. ಕೊಡೋಕೆ ಮನಸ್ಸಿಲ್ಲ ಅಂತ ಬಾಯಿಬಿಟ್ಟು ಹೇಳಿದ್ರೆ ಸಾಕಿತ್ತು. ನನ್ನನ್ನ ರೋಗಿ ಮಾಡೋ ಅಗತ್ಯ ಇರಲಿಲ್ಲ."

"ಅದಲ್ಲ ಅಣ್ಣಯ್ಯ" ಅಂದೆ.

"ಮತ್ತೇನು?"

ಕೂತುಕೋ ಎಂದು ಕುರ್ಚಿ ಎಳೆದೆ. ಅವನು ಕೂರಲಿಲ್ಲ. ಗಂಡ ಕಾಫಿ ತಂದು ಕೊಟ್ಟರೂ ಮುಟ್ಟದೆ ಹೊರಟುಹೋದ.

ನಮ್ಮ ಬದಲಿಗೆ ಅವತ್ತು ಆ ಜಮೀನಿಗೆ ಹೋದವರು ಒಂದು ಹಂದಿ ಹೊಡೆದು, ಸಂಜೆಗೆ ಸುಖವಾಗಿ ಮನೆ ಸೇರಿದರಂತೆ. ಗಾಡಿ ಪಂಕ್ಚರು ಕೂಡ ಆಗಲಿಲ್ಲ. ನಾನು ಕಿವಿ ಪರೀಕ್ಷೆ ಮಾಡಿಸಿಕೊಂಡೆ, ಏನೂ ದೋಷವಿಲ್ಲ. ಕೋವಿಯನ್ನು ಮತ್ತೆ ಬಿಚ್ಚಿಸಿದೆ, ಕೊಕ್ಕೆ ಗಟ್ಟಿಯಾಗಿದೆ. ಅದೇ ರೇಂಜಿನಲ್ಲಿ ಬೇರೆ ಬೇರೆಯವರಿಂದ ಹೊಡೆಸಿದೆ. ಕಾಡಿ ಬೇಡಿ ಗಂಡನಿಂದಲೂ ಒಂದು ಗುಂಡು ಹೊಡೆಸಿದೆ, ಪಾಪ, ಎರಡು ದಿನ ಹೆಗಲಿಗೆ ಎಣ್ಣೆ ತಿಕ್ಕಿಸಿಕೊಂಡರು. ಎಲ್ಲರದೂ ಒಂದೇ ಸದ್ದು. ಅಣ್ಣಯ್ಯನನ್ನು ಕರೆಯದೆ ಈ ಪರೀಕ್ಷೆ ಮುಗಿಯುವುದಿಲ್ಲ, ಅವನನ್ನು ಕರೆಯುವ ಧೈರ್ಯ ನನಗಿಲ್ಲ. ಕರೆದರೂ ಅವನು ಬರುವುದಿಲ್ಲ.

ಅಪ್ಪನ ಸಾವಿಗೆ ಅಂದು ಬಾರದಿದ್ದ ಅಳು ಹೀಗೆ ಕಿವಿಯಲ್ಲಿ ಹೊರಬಂತು ಎನ್ನುವುದು ಗಂಡನ ವಿವರಣೆ. ಇರಬಹುದು. ಆದರೆ ಗೋಡೆಗೆ ಮುಖ ಮಾಡಿ ನಿಂತವಳಿಗೆ ಆರಕ್ಕೆ ಆರೂ ಹೇಗೆ ಸರಿಹೋಯಿತು ಎಂದು ಕೇಳಿದರೆ ಅವರು ಎದ್ದು ಗಿಡಗಳ ಕಡೆಗೆ ಹೋಗುತ್ತಾರೆ. ಬರಬೇಕಾಗಿದ್ದ ಸಾವನ್ನು ನಾನು ತಪ್ಪಿಸಿದೆನೋ, ಇಲ್ಲದ ಸಾವಿಗೆ ಹೆದರಿ ಅಣ್ಣನನ್ನು ಕಳೆದುಕೊಂಡೆನೋ, ಯಾವ ಅಳತೆಗೋಲಿನಲ್ಲೂ ಅಳೆಯಲು ಬರುವುದಿಲ್ಲ. ಅಣ್ಣಯ್ಯ ಕನ್ನಡ ಪುಸ್ತಕ ಮುಟ್ಟುವವನಲ್ಲ, ಆ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಪ್ರತಿ ಭಾನುವಾರ ಬೆಳಿಗ್ಗೆ ಅವನಿಗೆ ಫೋನು ಮಾಡುತ್ತೇನೆ. ರಿಂಗಾಗುತ್ತದೆ, ಅವನು ಕಟ್ ಮಾಡುತ್ತಾನೆ. ಮೂರು ವರ್ಷದಿಂದ ಒಂದು ಸಲವೂ ಎತ್ತಿಲ್ಲ. ಕಟ್ ಮಾಡಿದ ಕೂಡಲೇ, ಇದ್ದಾನಲ್ಲ ಎಂದು ನನ್ನ ಜೀವ ತಣ್ಣಗಾಗುತ್ತದೆ, ಎದ್ದು ಒಲೆ ಹಚ್ಚುತ್ತೇನೆ. ಕಳೆದ ತಿಂಗಳು ಒಂದು ಭಾನುವಾರ ಅವನು ಕಟ್ ಮಾಡಲಿಲ್ಲ, ಪೂರ್ತಿ ರಿಂಗಾಗಿ ತಾನೇ ನಿಂತಿತು. ನಾನು ಹಾಕಿದ ಬಟ್ಟೆಯಲ್ಲೇ ಕಾರು ಹತ್ತಿ ಓಕ್ಲ್ಯಾಂಡಿಗೆ ಓಡಿದೆ. ಅವನು ಮನೆಯ ಮುಂದೆ ಪೈಪು ಹಿಡಿದು ಗಾಡಿ ತೊಳೆಯುತ್ತಿದ್ದ. ನನ್ನನ್ನು ನೋಡಿ ಪೈಪು ಎಸೆದು, ಒಳಗೆ ಹೋಗಿ, ದಢಾರನೆ ಬಾಗಿಲು ಹಾಕಿಕೊಂಡ. ನಾನು ಆ ಮುಚ್ಚಿದ ಬಾಗಿಲಿಗೆ ಕೈಮುಗಿದು ವಾಪಸ್ಸು ಬಂದೆ.