ಬೆಸುಗೆ ಮುರಿಯುವ ಮೋನಪ್ಪ

ಯಾದಗಿರಿ ಸ್ಟೇಷನ್ ರಸ್ತೆಯ ಮೋನಪ್ಪನ ವೆಲ್ಡಿಂಗ್ ಅಂಗಡಿಗೆ ಅವಸರದಲ್ಲಿ ಹೋಗಬೇಡಿ, ಬೈಸಿಕೊಳ್ಳುತ್ತೀರಿ. ಮಳೆಗಾಲದಲ್ಲಿ ವೆಲ್ಡಿಂಗ್ ಕಡ್ಡಿಗಳು ತೇವ ಹೀರುತ್ತವೆಂದು ಆತ ಅವನ್ನು ಹೆಂಡತಿಯ ರೊಟ್ಟಿ ಹಂಚಿನ ಮೇಲೆ ಕಾಯಿಸುತ್ತಾನೆ. ಅವು ಒಣಗುವವರೆಗೆ ಮನೆಯವರಿಗೆ ರೊಟ್ಟಿಯಿಲ್ಲ, ಗಿರಾಕಿಗೆ ಕೆಲಸವಿಲ್ಲ. ಕನ್ನಡ ನಾಡು ಒಂದಾಗುವ ಏಕೀಕರಣದ ಹಬ್ಬಕ್ಕೆ ಶಾಲೆಯ ಗೇಟು ನಾಳೆಯೇ ಬೇಕೆಂದು ಬಂದ ಸಾಹೇಬರು, "ಕಬ್ಬಿಣಕ್ಕೂ ನೆಗಡಿ ಆಗ್ತದೇನು?" ಎಂದು ನಕ್ಕರು. ಮೋನಪ್ಪ ಕೆಂಡವಾದ. "ಹಸಿ ಕಡ್ಡೀಲೆ ಹೊಡದ್ರ ಒಳಗೆಲ್ಲ ತೂತು ಬೀಳ್ತಾವ್ರಿ! ಮ್ಯಾಲ ಮಿಂಚಿದ್ರ ಸಾಕೇನು ನಿಮಗ? ನಾಳಿ ಆ ಗೇಟಿಗಿ ಹುಡುಗೂರು ಜೋತು ಬೀಳ್ತಾವ!" ಕಡ್ಡಿ ಒಣಗಿದರೂ ಆತನಿಗೆ ನಂಬಿಕೆಯಿಲ್ಲ. ಮೊದಲು ಎರಡು ಚೂರು ಕಬ್ಬಿಣ ಬೆಸೆದು, ಗಿರಾಕಿಯ ಕಣ್ಣೆದುರೇ ಸುತ್ತಿಗೆಯಿಂದ ಬಡಿಯುತ್ತಾನೆ. ಮುರಿದರೆ ಮಳೆ, ಸರ್ಕಾರ, ಕಡ್ಡಿ ಮಾಡಿದವರು, ಯಾರನ್ನೂ ಬಿಡದೆ ಬೈಯುತ್ತಾನೆ. ತಪ್ಪೆಲ್ಲ ಪರರದೇ ಏನಪ್ಪಾ ಎಂದು ನನಗೂ ಸಿಟ್ಟಿತ್ತು. ಒಂದು ದಿನ ಬಾಗಿಲ ಪಕ್ಕದ ಗೋಡೆಯನ್ನು ನೋಡಿದೆ. ಅಲ್ಲಿ ಬೆಸುಗೆ ಬಿಟ್ಟುಹೋದ ಹಳೆಯ ಗೇಟಿನ ತುಂಡೊಂದು ತೂಗುತ್ತಿತ್ತು. ಮೋನಪ್ಪ ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ; ಅಂಗಡಿಯ ಹೊಸ ಕನ್ನಡ ಬೋರ್ಡನ್ನೂ ಪೇಂಟರ್ ಬರೆದುಕೊಟ್ಟಿದ್ದ. ಆ ತುಂಡಿನ ಕೆಳಗೆ ಮಾತ್ರ, ಕನ್ನಡ ಕಲಿತು, ಸೊಟ್ಟ ಅಕ್ಷರಗಳಲ್ಲಿ ತಾನೇ ಬರೆದಿದ್ದಾನೆ: "ಇದು ಮೋನಪ್ಪ ಮಾಡಿದ್ದು."