ಅಕ್ಕಯಮ್ಮ ಕೇಳಿದ ಕುದುರೆ ಕಥೆ

ಅಕ್ಕಯಮ್ಮ ಕುದುರೆಯನ್ನು ಹತ್ತಿರದಿಂದ ನೋಡಿದ್ದು ಒಂದೇ ಒಂದು ಸಲ. ದೊಡ್ಡಬಳ್ಳಾಪುರದ ಛತ್ರದ ಮುಂದೆ ಯಾರದೋ ಮದುವೆಯ ಮೆರವಣಿಗೆಗೆಂದು ತಂದು ನಿಲ್ಲಿಸಿದ್ದ ಬಡಕಲು ಕುದುರೆ ಅದು. ಹಣೆಗೆ ಜರಿ ಪಟ್ಟಿ, ಬೆನ್ನಿಗೆ ಕೆಂಪು ಮಖಮಲ್ಲು, ಅದರ ಕೆಳಗೆ ಎಣಿಸಬಹುದಾದಂಥ ಪಕ್ಕೆಲುಬು. "ಶೋಕಿಗೆ ಮಖಮಲ್ ಹೊದಿಸ್ತಾರೆ, ಒಂದ್ ಹೊರೆ ಹುಲ್ ಹಾಕೋಕೆ ಕೈ ಬರಲ್ಲ" ಎಂದು ಯಾರಿಗೂ ಅಲ್ಲದಂತೆ ಬೈದು ಬಸ್ಸು ಹತ್ತಿದ್ದಳು. ಅಂಥವಳು ಆಸ್ಟ್ರೇಲಿಯಾದ ಬೆಟ್ಟಗಳಲ್ಲಿ ಅಲೆಯುವ ಕಾಡುಕುದುರೆಗಳ ವಿಷಯದಲ್ಲಿ ತೂಬಗೆರೆಯ ಸುತ್ತಮುತ್ತ ಯಾರಿಗೂ ಇಲ್ಲದ ತಿಳಿವಳಿಕೆ ಇಟ್ಟುಕೊಂಡಿದ್ದಳು ಎಂದರೆ ನೀವು ನಂಬಬೇಕು. ಹಿಮ ಬಿದ್ದಾಗ ಅವು ಯಾವ ಕಡೆಯ ಕಣಿವೆಗೆ ಇಳಿಯುತ್ತವೆ, ಮರಿ ಹಾಕುವಾಗ ತಾಯಿ ಗುಂಪು ಬಿಟ್ಟು ಎಲ್ಲಿಗೆ ಹೋಗುತ್ತದೆ, ಹಗ್ಗ ಹಿಡಿದು ಬರುವ ಸವಾರರ ವಾಸನೆ ಎಷ್ಟು ದೂರದಿಂದ ಗೊತ್ತಾಗುತ್ತದೆ, ಎಲ್ಲ ಬಲ್ಲಳು. ಅಕ್ಷರ ಬಾರದ ಅವಳಿಗೆ ಇದನ್ನೆಲ್ಲ ತಲೆಗೆ ತುಂಬಿದವಳು ಮಗಳು ಯಶಸ್ವಿನಿ.

ಅಕ್ಕಯಮ್ಮನ ತವರು ನಂದಗುಡಿಯ ಕಡೆ. ಎರಡನೇ ಕ್ಲಾಸಿಗೇ ಶಾಲೆ ಬಿಡಿಸಿ ಎಮ್ಮೆಯ ಹಿಂದೆ ಅಟ್ಟಿದ್ದರು. ಮದುವೆಯಾಗಿ ತೂಬಗೆರೆಯ ಹತ್ತಿರದ ಈ ಊರಿಗೆ ಬಂದಳು. ಗಂಡ ಚಲಪತಿ ಫ್ಯಾಕ್ಟರಿಯೊಂದರಲ್ಲಿ ಸೆಕ್ಯುರಿಟಿ. ದಿನಕ್ಕೆ ಹತ್ತು ಮಾತಾಡಿದರೆ ಆ ದಿನ ಹಬ್ಬ. ಮದುವೆಯಾಗಿ ಹನ್ನೆರಡು ವರ್ಷ ಮಕ್ಕಳಿರಲಿಲ್ಲ. ಊರಿನ ಬಾಯಿಗೆ ಅಷ್ಟು ಸಾಕಲ್ಲ, ಬೇಕಾದ್ದು ಆಡಿಕೊಂಡಿತು. ಊರದೇವತೆ ಸಪ್ಪಲಮ್ಮನಿಗೆ ಹರಕೆ ಹೊತ್ತು, ಒದ್ದೆ ಬಟ್ಟೆಯಲ್ಲಿ ಗುಡಿ ಸುತ್ತಿ, ಇನ್ನು ಆಸೆ ಬಿಡೋಣ ಎನ್ನುವ ಹೊತ್ತಿಗೆ ಹುಟ್ಟಿದ್ದು ಯಶಸ್ವಿನಿ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವಳು ಹೆಗ್ಗಣವೇನೂ ಅಲ್ಲ, ದೊಡ್ಡ ಕಣ್ಣಿನ, ಮೂಗಿನ ತುದಿಯಲ್ಲೇ ಸಿಟ್ಟಿನ, ಲಕ್ಷಣವಾದ ಹುಡುಗಿ.

ಅಕ್ಕಯಮ್ಮ ದುಡಿಯುತ್ತಿದ್ದುದು ಅಪ್ಪಯ್ಯಣ್ಣನ ಹುಳುಮನೆಯಲ್ಲಿ. ರೇಷ್ಮೆ ಹುಳು ಸಾಕುವ ಆ ಶೆಡ್ಡಿನಲ್ಲಿ ಅವಳದು ಹದಿನಾಲ್ಕು ವರ್ಷದ ಕೆಲಸ. ಹಿಪ್ಪುನೇರಳೆ ಸೊಪ್ಪು ಹರಡುವುದರಲ್ಲಿ ಅವಳ ಕೈಗೆ ಹೆಸರಿತ್ತು. ಅಕ್ಕಯಮ್ಮ ಮುಟ್ಟಿದ ಹುಳು ಗಟ್ಟಿ ಗೂಡು ಕಟ್ಟುತ್ತದೆ ಎಂದು ಅಪ್ಪಯ್ಯಣ್ಣ ಸಂತೆಯಲ್ಲೂ ಹೇಳಿಕೊಂಡು ತಿರುಗುತ್ತಿದ್ದ. ಹುಳುಮನೆಗೆ ಅದರದ್ದೇ ಮಡಿ. ಚಪ್ಪಲಿ ಹೊರಗೆ, ಕಾಲು ತೊಳೆದೇ ಒಳಗೆ, ಊದುಬತ್ತಿ ಕೂಡದು, ತಲೆಗೆ ಘಮಘಮ ಎಣ್ಣೆ ಕೂಡದು, ಸಾವಿನ ಮನೆಯವರಂತೂ ಬೆಳೆ ಮುಗಿಯುವವರೆಗೆ ಆ ಕಡೆ ತಲೆ ಹಾಕುವಂತಿಲ್ಲ. ಈ ಕೊನೆಯ ಕಟ್ಟಳೆಯನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ನಡೆಸುತ್ತಿದ್ದವಳು ಅಕ್ಕಯಮ್ಮನೇ. ಸೂತಕದವರು ಬಾಗಿಲ ಹತ್ತಿರ ಬಂದರೂ ಹಿಂದಕ್ಕೆ ಕಳಿಸುತ್ತಿದ್ದಳು.

ಶಾಲೆ ಬಿಟ್ಟ ಮೇಲೆ ಯಶಸ್ವಿನಿ ಸೀದಾ ಅಲ್ಲಿಗೇ ಬರುತ್ತಿದ್ದಳು. ಕಾಲು ತೊಳೆದು, ಬಾಗಿಲ ಪಕ್ಕ ಪ್ಲಾಸ್ಟಿಕ್ ಕ್ರೇಟು ಬೋರಲು ಹಾಕಿ ಕೂತು, ಪಂಚಾಯಿತಿ ಗ್ರಂಥಾಲಯದ ಪುಸ್ತಕ ತೆಗೆಯುತ್ತಿದ್ದಳು. ಗ್ರಂಥಾಲಯ ನೋಡಿಕೊಳ್ಳುವ ಭೀಮರಾಜ್‌ಗೆ ಈ ಹುಡುಗಿಯ ಮೇಲೆ ಬಲು ಅಕ್ಕರೆ. ಯಾರೋ ದಾನ ಕೊಟ್ಟಿದ್ದ ಆರು ಪುಸ್ತಕಗಳ ಮಕ್ಕಳ ಕಥಾಮಾಲೆಯೊಂದು ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಆಸ್ಟ್ರೇಲಿಯಾದ ಕಾಡುಕುದುರೆಗಳ ಕಥೆ, ಕನ್ನಡಕ್ಕೆ ಮಾಡಿದ್ದು. ಮೊದಲನೆಯದನ್ನು ಅವನೇ ಅವಳ ಕೈಗಿಟ್ಟ.

ಆ ಕಥೆಯಲ್ಲಿ ಮಂಜಿ ಎಂಬ ಬೂದು ಬಣ್ಣದ ತಾಯಿ ಕುದುರೆ, ಅದಕ್ಕೆ ಕಿಡಿ ಎಂಬ ಹೆಣ್ಣು ಮರಿ. ಸವಾರರು ಹಿಡಿಯಲು ಬಂದಾಗಲೆಲ್ಲ ಮಂಜಿ ತನ್ನನ್ನು ತೋರಿಸಿಕೊಂಡು ಮರಿಯನ್ನು ಬಂಡೆಯ ಸಂದಿಯಲ್ಲಿ ಬಚ್ಚಿಡುತ್ತಿತ್ತು. ಅಕ್ಕಯಮ್ಮ ಸೊಪ್ಪು ಹಾಕುತ್ತಲೇ ಕಿವಿಗೊಟ್ಟಳು.

"ಹಿಮ ಅಂದ್ರೆ ಎಂಗಿರ್ತದೆ? ನಂದಿಬೆಟ್ಟದ ಮಂಜಿನ ತರಾನಾ?"

"ಅಲ್ಲ ಕಣಮ್ಮ. ಅಂಗಡಿ ಮುಂದೆ ಉಪ್ಪಿನ ಮೂಟೆ ಒಡೆದೋದ್ರೆ ಎಂಗಿರ್ತದೋ ಹಂಗೆ. ಬೆಟ್ಟದ ತುಂಬಾ."

"ಅಷ್ಟೊಂದು ಉಪ್ಪಿನ ಮೇಲೆ ಮರಿ ಎಂಗ್ ನಡೀತದೆ ಪಾಪ" ಎಂದು ಅಕ್ಕಯಮ್ಮ ಮರುಗಿದಳು. ಅವತ್ತಿನಿಂದ ಸಂಜೆ ದೂರದ ಮಾಕಳಿದುರ್ಗದ ಬೆಟ್ಟದ ಕಡೆ ನೋಡಿದಾಗೆಲ್ಲ, ಅಲ್ಲೇ ಎಲ್ಲೋ ಕುದುರೆಗಳು ಮೇಯುತ್ತಿವೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಎರಡನೇ ಪುಸ್ತಕದ ಹೊತ್ತಿಗೆ ಅಕ್ಕಯಮ್ಮನಿಗೆ ಗರ್ಭಕೋಶದ ಆಪರೇಷನ್ ಆಯಿತು. ಮೂರು ವಾರ ಮಂಚ. ಅಮ್ಮ ಇನ್ನು ಏಳುವುದಿಲ್ಲ ಎಂದು ನೆರೆಯ ಹೆಂಗಸರು ಪಿಸುಗುಟ್ಟಿದ್ದು ಹುಡುಗಿಯ ಕಿವಿಗೂ ಬಿದ್ದಿತ್ತು. ಪಿಸುಮಾತಾಡುವವರಿಗೆ ಮಕ್ಕಳ ಕಿವಿ ನೆನಪಿರುವುದಿಲ್ಲ. ಯಶಸ್ವಿನಿ ಮಂಚದ ಪಕ್ಕ ಕೂತು ಓದುತ್ತಿದ್ದಳು. ಒಂದು ದಿನ ಓದುತ್ತ ಓದುತ್ತ ಇದ್ದಕ್ಕಿದ್ದಂತೆ ನಿಲ್ಲಿಸಿದಳು.

"ಯಾಕೇ? ಏನಾಯ್ತು ಮಂಜಿಗೆ?"

"ಗಂಟ್ಲು ಒಣಗ್ತು ಕಣಮ್ಮ. ನೀರ್ ಕುಡ್ಕೊಂಡ್ ಬರ್ತೀನಿ."

ನೀರು ಕುಡಿದು ಬರಲು ತುಂಬ ಹೊತ್ತು ಹಿಡಿಯಿತು. ಬಂದವಳು ಮತ್ತೆ ಪುಸ್ತಕ ಬಿಡಿಸಿ, ಹೊಳೆ ಉಕ್ಕಿ ಮಂಜಿ ಆಚೆ ದಡಕ್ಕೆ ಕೊಚ್ಚಿಹೋಯಿತೆಂದೂ, ಮರಿ ಈಚೆ ದಡದಲ್ಲೇ ಉಳಿಯಿತೆಂದೂ ಓದಿದಳು. ಅಲ್ಲಿಂದ ಕಥೆಯೆಲ್ಲ ಮಂಜಿಯ ಹುಡುಕಾಟವೇ ಆಯಿತು. ಮೂರನೇ ಪುಸ್ತಕದಲ್ಲಿ ಅದು ಕಾಳ್ಗಿಚ್ಚು ದಾಟಿತು, ನಾಲ್ಕನೆಯದರಲ್ಲಿ ಬೇಲಿಗೆ ಸಿಕ್ಕಿ ಕುಂಟಿತು, ಐದನೆಯದರಲ್ಲಿ ಮರಿಯ ಗೊರಸಿನ ಗುರುತು ಕಂಡು ಮೂರು ಬೆಟ್ಟ ಹತ್ತಿತು. ಕೆಲವು ದಿನ ಯಶಸ್ವಿನಿ ಒಂದೇ ಪುಟದಲ್ಲಿ ಅರ್ಧ ಗಂಟೆ ಓದುತ್ತಿದ್ದಳು. ಒಂದು ಪುಟದಲ್ಲಿ ಅಷ್ಟೊಂದು ಅಕ್ಷರ ಹಿಡಿಸುತ್ತಾರಲ್ಲ ಎಂದು ಅಕ್ಕಯಮ್ಮ ಬೆರಗಾಗುತ್ತಿದ್ದಳೇ ಹೊರತು ಬೇರೇನೂ ಯೋಚಿಸಲಿಲ್ಲ.

ಆರನೆಯದನ್ನು ತಂದ ದಿನ ಹುಡುಗಿ ಅದನ್ನು ಅಮ್ಮನ ಮುಖದ ಮುಂದೆ ಆಡಿಸಿದಳು. ರಟ್ಟಿನ ಮೇಲೆ ಓಡುವ ಕುದುರೆಯ ಚಿತ್ರ.

"ಇದೇ ಕಡೇದು. ಇದ್ರಲ್ಲಿ ಮಂಜಿಗೆ ಕಿಡಿ ಸಿಕ್ಕೇ ಸಿಗ್ತದೆ."

"ಮುಂಚೇನೇ ಓದ್ಬಿಟ್ಟೆಯೇನೇ ಕಳ್ಳಿ?"

"ಇಲ್ಲ ಕಣಮ್ಮ. ನಂಗೊತ್ತು, ನೀನ್ ಸುಮ್ಕಿರು."

ನಾಲ್ಕು ಪುಟವೂ ಆಗಿರಲಿಲ್ಲ, ಅವಳಿಗೆ ಜ್ವರ ಬಂತು. ಅದೇ ಹೊತ್ತಿಗೆ ಹುಳುಮನೆಯಲ್ಲಿ ಹುಳುಗಳು ಕೊನೆಯ ಪೊರೆ ಕಳಚಿ ಎದ್ದಿದ್ದವು. ಆ ಒಂದು ವಾರ ಅವು ಬಕಾಸುರರು; ಹೊತ್ತುಹೊತ್ತಿಗೆ ಸೊಪ್ಪು ಬೀಳದಿದ್ದರೆ ಇಡೀ ಬೆಳೆ ಮಣ್ಣುಪಾಲು. ಮಳೆಗಾಲದ ಜ್ವರ ತಾನೇ, ಮಾತ್ರೆ ನುಂಗಿ ಮಲಗು ಎಂದು ಹೇಳಿ ಅಕ್ಕಯಮ್ಮ ಎರಡು ದಿನ ಸೊಪ್ಪು ಹಾಕಲು ಹೋದಳು. ಮೂರನೇ ದಿನ ಹುಡುಗಿಯ ಮೈಮೇಲೆ ಕೆಂಪು ಚುಕ್ಕಿ ಕಂಡವು. ಆಸ್ಪತ್ರೆಯಲ್ಲಿ ಡೆಂಗ್ಯೂ ಎಂದರು, ರಕ್ತ ಏರಿಸಿದರು, ತಮ್ಮ ಕೈಲಾದ್ದನ್ನೆಲ್ಲ ಮಾಡಿದರು. ಆರನೇ ದಿನ ಮಧ್ಯಾಹ್ನ ಯಶಸ್ವಿನಿ ಹೋಗಿಬಿಟ್ಟಳು. ಹದಿಮೂರು ವರ್ಷ, ನಾಲ್ಕು ತಿಂಗಳು. ಎರಡು ದಿನ ಮೊದಲೇ ಕರೆದುಕೊಂಡು ಹೋಗಿದ್ದರೆ ಉಳಿಯುತ್ತಿದ್ದಳೇ? ಡಾಕ್ಟರು ಹಾಗೇನೂ ಹೇಳಲಿಲ್ಲ. ಆದರೆ ತಾಯಿಗೆ ಡಾಕ್ಟರು ಹೇಳಬೇಕಾಗಿಲ್ಲ. ಆ ಎರಡು ದಿನ ಎದೆಯಲ್ಲಿ ಮುರಿದ ಮುಳ್ಳಾಗಿ ನಿಂತವು.

ಹೊಲದ ಬದುವಿನಲ್ಲಿ ಗುಣಿ ತೋಡಿದರು. ಅವರಲ್ಲಿ ಹೂಳುವಾಗ ಸತ್ತವರಿಗೆ ಇಷ್ಟವಾದದ್ದನ್ನು ಜೊತೆಗಿಡುವ ರೂಢಿ. "ಮಗೀಗೆ ಪ್ರೀತಿ ಇದ್ದಿದ್ದು ಏನಾರ ಇದ್ರೆ ಹಾಕ್ಬಿಡವ್ವಾ" ಎಂದು ಹಿರಿಯರೊಬ್ಬರು ಹೇಳಿದರು. ಅಕ್ಕಯಮ್ಮ ಮನೆಗೆ ಓಡಿ, ದಿಂಬಿನ ಪಕ್ಕದಲ್ಲಿದ್ದ ಕುದುರೆ ಚಿತ್ರದ ಪುಸ್ತಕ ತಂದು ಮಗಳ ತೋಳಿನಡಿ ಇಟ್ಟಳು. ಅದು ಗ್ರಂಥಾಲಯದ್ದು ಎಂದಾಗಲಿ, ಆ ಕಥೆ ಇನ್ನೂ ಮುಗಿದಿಲ್ಲ ಎಂದಾಗಲಿ ಅವಳಿಗೆ ಆಗ ತೋಚಲಿಲ್ಲ. ಮೂರು ಹಿಡಿ ಮಣ್ಣು ಹಾಕಿ ಬಂದಳು. ಅಳಲಿಲ್ಲ. ಅತ್ತುಬಿಡೇ ಎಂದು ಎಲ್ಲರೂ ಬೆನ್ನು ಸವರಿದರು, ಕಣ್ಣು ಒಣಗಿಯೇ ಇತ್ತು.

ಹುಳುಮನೆಗೆ ಅವಳು ಹೋಗಲಿಲ್ಲ. ಯಾರೂ ಬೇಡವೆನ್ನಬೇಕಾಗಿರಲಿಲ್ಲ, ಸಾವಿನ ಮನೆಯ ಕಟ್ಟಳೆ ಅವಳೇ ಕಾದುಕೊಂಡು ಬಂದದ್ದು. ಒಂದು ಬೆಳೆ ಮುಗಿಯಿತು, ಕಟ್ಟಳೆ ಕಳೆದರೂ ಎರಡನೆಯದಕ್ಕೂ ಹೋಗಲಿಲ್ಲ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಕಾಯಿಲೆ ಏನೂ ಇಲ್ಲದೆ ಕೈ ಸುಮ್ಮನೆ ಮಡಿಲಲ್ಲಿ ಬಿದ್ದಿತ್ತು. ದೇವ್ರು ತನಗೆ ಬೇಕಾದ ಹೂ ಮೊದಲೇ ಕಿತ್ಕೊಂಡ ಎಂದು ಸಮಾಧಾನ ಹೇಳಲು ಬಂದವರನ್ನು ನೋಡಿದರೆ ಮೈ ಉರಿಯುತ್ತಿತ್ತು. ಹೂ ಬೇಕಿದ್ದರೆ ಅವನೊಂದು ಗಿಡ ನೆಟ್ಟುಕೊಳ್ಳಬಾರದೇ? ಹಾಗೆ ಬರಿಗೈಯಲ್ಲಿ ಕೂತ ದಿನಗಳಲ್ಲೇ ಅವಳಿಗೆ ಆ ಯೋಚನೆ ಹತ್ತಿದ್ದು. ಮಂಜಿಗೆ ಮರಿ ಸಿಕ್ಕಿತೋ ಇಲ್ಲವೋ? ಊಟಕ್ಕೆ ಕೂತರೆ ಅದೇ, ನೀರು ಸೇದಿದರೆ ಅದೇ. ಹುಚ್ಚು ಎನ್ನಿ. ಆದರೆ ಲೋಕದಲ್ಲಿ ಒಂದು ತಾಯಿಗಾದರೂ ಮರಿ ಸಿಕ್ಕಿತು ಎಂದು ಕೇಳಬೇಕಿತ್ತು ಅವಳಿಗೆ. ಮಗಳು ಸಿಕ್ಕೇ ಸಿಗ್ತದೆ ಎಂದು ಹೇಳಿದ ಮಾತು ನಿಜವಾಗಬೇಕಿತ್ತು.

ಒಂದು ಬೆಳಿಗ್ಗೆ ಸೆರಗು ಹೊದ್ದು ಗ್ರಂಥಾಲಯಕ್ಕೆ ಹೋದಳು. ಈ ಊರಿಗೆ ಬಂದಾಗಿನಿಂದ ಆ ಬಾಗಿಲು ದಾಟಿದವಳಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳೆಯಲು ನಲ್ಲಿ ಹುಡುಕಿದಳು.

"ಪುಸ್ತಕ ಮಗಳ ಜೊತೇಲಿ ಹೋಯ್ತು ಸಾರ್. ತಪ್ಪಾಯ್ತು."

ಭೀಮರಾಜ್ ಎದ್ದು ನಿಂತ. "ಅದರ ಮಾತು ಯಾಕಮ್ಮಾ, ಬಿಡಿ."

"ಅದಲ್ಲ ಸಾರ್. ಕಡೇಗೆ ಏನಾಯ್ತು ಅಂತ ಕೇಳ್ಬೇಕಿತ್ತು. ಇನ್ನೊಂದು ಪುಸ್ತಕ ಸಿಕ್ತದಾ?"

ಅವನು ಒಳ್ಳೆಯ ಮನುಷ್ಯ, ಕಥೆ ಕೇಳಲು ಬಂದ ತಾಯಿಯನ್ನು ಹುಚ್ಚಿ ಎನ್ನಲಿಲ್ಲ. ಒಂದೂವರೆ ತಿಂಗಳು ಅಲ್ಲಿ ಇಲ್ಲಿ ವಿಚಾರಿಸಿ, ಬೆಂಗಳೂರಿನ ಹಳೇ ಪುಸ್ತಕದ ಅಂಗಡಿಯೊಂದರಿಂದ ಆರನೆಯದನ್ನು ತರಿಸಿ ಹೇಳಿಕಳಿಸಿದ. ಅಕ್ಕಯಮ್ಮ ಮಧ್ಯಾಹ್ನ ಬಂದು, ಕುರ್ಚಿ ಬೇಡವೆಂದು ನೆಲದ ಮೇಲೆ ಕೂತಳು. ಭೀಮರಾಜ್ ಓದತೊಡಗಿದ. ಕಿಡಿ ಬೆಳೆದು ದೊಡ್ಡ ಕುದುರೆಯಾಗಿತ್ತು, ತನ್ನದೇ ಗುಂಪನ್ನು ನಡೆಸುತ್ತಿತ್ತು. ಒಂದು ಅಧ್ಯಾಯವಾಯಿತು, ಎರಡಾಯಿತು, ಮೂರಾಯಿತು.

"ಮಂಜಿ ಎಲ್ಲಿ ಸಾರ್?"

"ಮಂಜಿ?"

"ಅದೇ, ತಾಯಿ. ಹುಡುಕ್ತಾ ಬರ್ತೈತಲ್ಲ. ಕುಂಟ್ಕೊಂಡು."

ಭೀಮರಾಜ್ ಮುಂದಿನ ಪುಟಗಳನ್ನು ತಿರುವಿದ. ಎದ್ದು ಹೋಗಿ ಕಪಾಟಿನಿಂದ ಉಳಿದ ಐದನ್ನೂ ತಂದು ಒಂದೊಂದಾಗಿ ತಿರುವಿ ಹಾಕಿದ. ಎರಡನೇ ಪುಸ್ತಕದ ನಡುವೆ ಒಂದು ಕಡೆ ಅವನ ಕೈ ನಿಂತಿತು. ತುಟಿ ಆಡಿಸದೆ ಓದಿಕೊಂಡ.

"ಹೇಳಿ ಸಾರ್, ಏನೈತೆ?"

"ಅಮ್ಮಾ... ಮಂಜಿ ಈ ಎರಡನೇ ಪುಸ್ತಕದಲ್ಲೇ ಸತ್ತೋಗ್ತದೆ. ಹುಡುಕೋ ಕಥೆ ಇದ್ರಲ್ಲಿ ಎಲ್ಲೂ ಇಲ್ಲ. ಅದನ್ನೆಲ್ಲ ಯಶಸ್ವಿನೀನೇ ಕಟ್ಟಿ ಹೇಳಿರ್ಬೇಕು ನಿಮಗೆ."

ಅಕ್ಕಯಮ್ಮ ಪುಸ್ತಕ ಇಸಿದುಕೊಂಡು ಆ ಪುಟ ನೋಡಿದಳು. ಅಚ್ಚಿನ ಅಕ್ಷರ ಅವಳಿಗೆ ಇರುವೆ ಸಾಲಷ್ಟೇ. ಆದರೆ ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲ್ಲಿನಿಂದ ಬರೆದ ಒಂದು ಸಾಲಿತ್ತು, ಬಲಕ್ಕೆ ವಾಲಿದ ದುಂಡು ಅಕ್ಷರ. ಓದಲು ಬರದಿದ್ದರೂ ಆ ಕೈಬರಹ ಯಾರದೆಂದು ಅವಳಿಗೆ ಗೊತ್ತಿತ್ತು.

"ಇದೇನು ಬರ್ದವ್ಳೆ?"

"'ಇಲ್ಲಿಂದ ಅಮ್ಮನಿಗೆ ಓದಬಾರದು' ಅಂತ."

ಆಗ ಅವಳಿಗೆ ನೀರು ಕುಡಿಯಲು ಹೋದ ಮಗಳು ನೆನಪಾದಳು. ಹೊಲಿಗೆ ಹಾಕಿದ ಹೊಟ್ಟೆ ಹಿಡಿದು ತಾನು ಮಲಗಿದ್ದ ದಿನ. ತಾಯಿ ಸಾಯುವ ಮಾತನ್ನು ಆ ಮಂಚದ ಪಕ್ಕ ಆಡಲಾರದೆ ಹನ್ನೊಂದು ಹನ್ನೆರಡು ವರ್ಷದ ಮಗು ಒಂದು ಇಡೀ ಕಥೆಯನ್ನೇ ಬೇರೆ ದಾರಿಗೆ ತಿರುಗಿಸಿತ್ತು. ಅದರ ಕೊನೆ ಅವಳೊಬ್ಬಳ ಬಾಯಲ್ಲಿತ್ತು. ಯಾವ ಅಂಗಡಿಯಿಂದ ತರಿಸಿದರೂ ಅದು ಸಿಗುವಂಥದ್ದಲ್ಲ.

"ಮರಿ?" ಎಂದು ಕೇಳಿದಳು. "ಪುಸ್ತಕದಾಗೆ ಮರಿಗೇನಾಗ್ತದೆ?"

"ಮರಿ ಬದುಕ್ತದಮ್ಮಾ. ದೊಡ್ಡದಾಗ್ತದೆ. ಅದಕ್ಕೂ ಮರಿಗಳಾಗ್ತವೆ."

ಅಕ್ಕಯಮ್ಮ ತಲೆಯಾಡಿಸಿದಳು. "ಹಂಗಾದ್ರೆ ಬರ್ದೋರು ಸರಿಯಾಗೇ ಬರ್ದವ್ರೆ ಸಾರ್. ತಾಯಿ ಹೋಗ್ಬೇಕು, ಮರಿ ಉಳೀಬೇಕು. ನನ್ ಮಗಳೇ ತಿರುಗ್ಸಿಟ್ಬಿಟ್ಲು. ತಾಯೀನ ಉಳಿಸ್ಬಿಟ್ಲು." ಪುಸ್ತಕವನ್ನು ಅವನ ಕಡೆ ಚಾಚಿದಳು. "ಓದಿ. ಇದ್ದಿದ್ದು ಇದ್ದಂಗೇ ಓದಿ. ನಾನ್ ಕೇಳ್ತೀನಿ."

ಭೀಮರಾಜ್ ಓದಿದ. ಸವಾರರನ್ನು ದಾರಿ ತಪ್ಪಿಸಿ ಓಡಿದ ಮಂಜಿ ಕೋಡುಗಲ್ಲಿನ ತುದಿಯಲ್ಲಿ ಕಾಲು ಜಾರಿ ಬಿತ್ತು. ಕೆಳಗೆ ಹಿಮದಲ್ಲಿ ಮಲಗಿದ್ದ ತಾಯಿಯನ್ನು ಮರಿ ಮೂತಿಯಿಂದ ನೂಕಿತು, ಒಂದು ಹಗಲು ಅಲ್ಲೇ ನಿಂತಿತು, ಹಸಿವಾದಾಗ ಗುಂಪಿನ ಜಾಡು ಹಿಡಿದು ನಡೆಯಿತು.

"ಹೋಯ್ತಾ?"

"ಹೋಯ್ತಮ್ಮಾ."

"ತಿರುಗಿ ನೋಡ್ತಾ?"

ಅವನು ಸಾಲಿನ ಮೇಲೆ ಬೆರಳಿಟ್ಟು ಹುಡುಕಿದ. "ಇಲ್ಲ. ನೋಡ್ಲಿಲ್ಲ."

"ಒಳ್ಳೇದಾಯ್ತು" ಎಂದಳು ಅಕ್ಕಯಮ್ಮ. "ಬದುಕ್ಲಿ. ಎಲ್ಲಾದ್ರೂ ಬದುಕ್ಲಿ."

ಅಷ್ಟು ಹೇಳಿದವಳೇ ಪುಸ್ತಕ ಎಳೆದುಕೊಂಡು ಆ ಪೆನ್ಸಿಲ್ ಸಾಲಿನ ಮೇಲೆ ಹಣೆಯಿಟ್ಟು ಗೋಳೋ ಎಂದು ಅತ್ತಳು. ಗುಣಿಯ ಹತ್ತಿರ ಬಾರದ ಅಳು, ಹನ್ನೊಂದನೇ ದಿನಕ್ಕೂ ಬಾರದ ಅಳು. ಆಚೆ ಮೇಜಿನಲ್ಲಿ ಓದುತ್ತಿದ್ದ ನಾಲ್ಕು ಮಕ್ಕಳು ಗಾಬರಿಯಾಗಿ ಎದ್ದು ನಿಂತರು. ಅವಳ ತಲೆಯ ಮೇಲಿನ ಗೋಡೆಯಲ್ಲಿ 'ಸದ್ದು ಮಾಡಬಾರದು' ಎಂದು ಬರೆದ ಹಲಗೆ ತೂಗುತ್ತಿತ್ತು. ಭೀಮರಾಜ್ ಮಕ್ಕಳಿಗೆ ಕೂತುಕೊಳ್ಳುವಂತೆ ಸನ್ನೆ ಮಾಡಿ, ತಾನೂ ಅವಳ ಪಕ್ಕ ನೆಲದ ಮೇಲೆ ಕೂತುಕೊಂಡ.