ಅತ್ತೆಯ ಕೈಮುದ್ದೆ

ಮುನಿರತ್ನಮ್ಮ ಕೈವಾರದ ಹೆಣ್ಣು. ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದವಳು ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಸೇರಿದಳು. ಕುದಿನೀರಿನಲ್ಲಿ ಗೂಡು ಕಲಕಿ ಕಲಕಿ ಬೆರಳ ತುದಿಗಳು ಬೆಳ್ಳಗೆ ಸುಕ್ಕಿದವು. ಹುಳದ ನಾತ ಎಂದು ಅತ್ತೆ ಅಕ್ಕಯ್ಯಮ್ಮ ಆ ಕೈಯಲ್ಲಿ ಹಿಟ್ಟು ಮುಟ್ಟಿಸುತ್ತಿರಲಿಲ್ಲ. ಮಗನ ಮುದ್ದೆ ತಾನೇ ಕಟ್ಟುವಳು.

ಮಗ ಗಂಗಾಧರಪ್ಪನಿಗೆ ಲಕ್ವ ಹೊಡೆಯಿತು. ಕೈಕಾಲು ಅರ್ಧ ಉಳಿಯಿತು, ಗಂಟಲು ಹೋಯಿತು. ನೀರು ಕುಡಿದರೂ ಉಸಿರಿಗೆ ಅಡ್ಡ ಬಂದು ನೀಲಿಗಟ್ಟುವನು. ಎಲ್ಲವನ್ನೂ ರುಬ್ಬಿ ಕೊಡಿ ಎಂದರು ಡಾಕ್ಟರು. ರುಬ್ಬಿದ್ದು ಕಂಡರೆ ಅವನು ಹಲ್ಲು ಕಚ್ಚಿಕೊಳ್ಳುವನು. ಒಂದು ಸಲ ತಟ್ಟೆಯನ್ನು ಹೆಂಡತಿಯ ಮುಖಕ್ಕೇ ಎಸೆದ. ಮೈ ಬತ್ತಿತು. ಉಣ್ಣದಿದ್ದರೆ ಸಾಯುತ್ತಾನೆ, ಅಷ್ಟೇ.

ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ಪದ್ಮಶ್ರೀ ಎಂಬ ಮೇಡಂ ಊಟ ಪ್ರಿಂಟ್ ಮಾಡುವ ಮಿಷಿನ್ ಇಟ್ಟಿದ್ದರು. ಬೆಂದ ರಾಗಿಯನ್ನು ನುಣ್ಣಗೆ ಅರೆದು, ಅದೇನೋ ಪುಡಿ ಕಲಸಿ ಕೊಳವೆಗೆ ತುಂಬಿದರೆ, ಚಕ್ಕುಲಿ ಒತ್ತಿದ ಹಾಗೆ ಎಳೆಯ ಮೇಲೆ ಎಳೆ ಇಟ್ಟು ಮಿಷಿನ್ ಮುದ್ದೆಯನ್ನೇ ಎಬ್ಬಿಸುವುದು. ನೋಡಲು ಮುದ್ದೆ, ನಾಲಿಗೆಗೆ ಬೆಣ್ಣೆ, ತಾನೇ ಜಾರುವುದು. ಗಂಗಾಧರಪ್ಪ ಅದನ್ನು ನೋಡಿ ಅತ್ತ. ಆಮೇಲೆ ಉಂಡ.

ಮುನಿರತ್ನಮ್ಮ ವಾರವಾರ ಬಸ್ಸಿನಲ್ಲಿ ಹೋಗಿ ಐಸ್ ಡಬ್ಬದಲ್ಲಿ ತರುವಳು. ಬೇರೇನೂ ಬಾಯಿಗಿಡಬಾರದು ಎಂದು ಮೇಡಂ ಹೇಳಿದ್ದನ್ನು ಅತ್ತೆಗೂ ಹೇಳಿದಳು. ಅತ್ತೆ ಜಗಲಿಯಲ್ಲಿ ಕೂತು ಬೀದಿಗೆಲ್ಲ ಆಡಿಕೊಂಡಳು. 'ನನ್ ಕೈಮುದ್ದೆ ತಿಂದು ಬೆಳೆದೋನು. ಈಗ ಕರೆಂಟಿಗೆ ಹುಟ್ಟಿದ್ ಮುದ್ದೆ ತಂದು ಗಂಡನ್ನ ಸಾಕ್ತಾಳಂತೆ ನನ್ ಸೊಸೆ.'

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ಮಿಷಿನ್ನಿನದನ್ನು ನುಂಗುವವನು ಮನೆಯದನ್ನು ನುಂಗನೇ ಎಂದುಕೊಂಡಳು ಮುದುಕಿ. ಸೊಸೆ ಬಸ್ಸು ಹತ್ತಿದ ಮೇಲೆ ಬಿಸಿ ಮುದ್ದೆ ತಿರುವಿ, ಹುರುಳಿ ಸಾರಿನಲ್ಲಿ ಅದ್ದಿ ಮಗನ ಬಾಯಿಗಿಟ್ಟಳು. ಅವನೂ ಆಸೆಯಿಂದ ಬಾಯಿ ತೆರೆದ. ಮೊದಲ ತುತ್ತು ಇಳಿಯಿತು. ಎರಡನೆಯದು ಇಳಿಯಲಿಲ್ಲ.

ಮುನಿರತ್ನಮ್ಮ ಡಬ್ಬ ಹಿಡಿದು ಬಂದಾಗ ಬಾಗಿಲ ತುಂಬ ಜನ. ಆಸ್ಪತ್ರೆಯವರ ಪುಡಿಯೇ ಅಣ್ಣನನ್ನು ಕೊಂದಿತು ಎಂದು ಮೈದುನ ಕನಕರಾಜ್ ಬಂದವರಿಗೆಲ್ಲ ಹೇಳುತ್ತಿದ್ದ. ಹೆಣಕ್ಕೆ ನೀರು ಹಾಕುವಾಗ ಮುನಿರತ್ನಮ್ಮ ಗಂಡನ ಬಾಯಿಗೆ ಬೆರಳು ಹಾಕಿ, ಗಂಟಲಲ್ಲಿ ಸಿಕ್ಕಿದ್ದನ್ನು ತೆಗೆದು ಅತ್ತೆಯ ಅಂಗೈಗೆ ಇಟ್ಟಳು.

'ಯಾರ್ ಕೈಯ್ದು ನೋಡು, ಅತ್ತೆ.'

ಅಕ್ಕಯ್ಯಮ್ಮ ಕೈ ಮುಚ್ಚಲೂ ಇಲ್ಲ, ಕೊಡವಲೂ ಇಲ್ಲ. 'ಒಂದು ತುತ್ತು ಚೆನ್ನಾಗೇ ನುಂಗ್ದ ಕಣಮ್ಮ,' ಎಂದಳು. 'ನಾನೇ ಕೊಂದ್ನಾ?'

ಇಲ್ಲ ಅಂದುಬಿಡು, ಮುದುಕಿ ಉಳಿಯುವುದಿಲ್ಲ ಎಂದು ಹೆಂಗಸರು ಮುನಿರತ್ನಮ್ಮನ ಸೆರಗು ಎಳೆದರು.

'ಹೂಂ. ನೀನೇ,' ಎಂದಳು.

ಮುದುಕಿ ಉಳಿದಳು. ಆ ಮನೆಯಲ್ಲಿ ಈಗ ಅವರಿಬ್ಬರೇ. ಅಕ್ಕಯ್ಯಮ್ಮ ಅನ್ನ ಕೇಳುತ್ತಾಳೆ, ಗಂಜಿಯಾದರೂ ಸಾಕೆನ್ನುತ್ತಾಳೆ. ಮುನಿರತ್ನಮ್ಮ ಎರಡೂ ಹೊತ್ತು ಮುದ್ದೆಯನ್ನೇ ತಿರುವಿ ತಟ್ಟೆಗಿಟ್ಟು, ಕೊನೆಯ ತುತ್ತು ಇಳಿಯುವವರೆಗೂ ಅತ್ತೆಯ ಗಂಟಲನ್ನೇ ನೋಡುತ್ತಾ ಎದುರಿಗೆ ಕೂರುತ್ತಾಳೆ.